ಮಳೆಮರದ ಮೇಲೆ ಆಬಿದಾ ಕಟ್ಟಿದ ಪಣ

ಶಿವಾಜಿನಗರದಿಂದ ಫ್ರೇಜರ್ ಟೌನ್ ಕಡೆಗೆ ಹೋಗುವಾಗ, ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದಂಥ ಒಂದು ಗಲ್ಲಿ ಸಿಗುತ್ತದೆ. ಅದರ ಕಟ್ಟಕಡೆಯ ಮನೆಯ ಮಹಡಿಯಲ್ಲಿ ಆಬಿದಾ ಇರುತ್ತಾಳೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕಸುಬು. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಂದ ಸೀರೆಗಳು ಗಂಟಿನಲ್ಲಿ ಬರುತ್ತವೆ, ವಾರ ಕಳೆಯುವಷ್ಟರಲ್ಲಿ ಮದುಮಗಳ ಹಾಗೆ ಸಿಂಗರಿಸಿಕೊಂಡು ವಾಪಸ್ ಹೋಗುತ್ತವೆ. ಇಷ್ಟು ಚೆಂದದ ಕೆಲಸ ಇದ್ದೂ ಅವಳಿಗೆ ಆ ಕೆಲಸದ ಹೆಸರು ಅಂಟಲಿಲ್ಲ. ಕುಚ್ಚಿನ ಆಬಿದಾ ಮನೆ ಯಾವುದು ಅಂತ ಕೇಳಿ ನೋಡಿ, ಗಲ್ಲಿಯವರು ತಲೆ ಕೆರೆದುಕೊಳ್ಳುತ್ತಾರೆ. ಹದ್ದಿನ ಆಬಿದಾ ಅನ್ನಿ, ಮೂಗು ಸೋರುವ ಮಕ್ಕಳು ಕೂಡ ಕೈಹಿಡಿದು ಕರೆತಂದು ಅವಳ ಮೆಟ್ಟಿಲ ಹತ್ತಿರ ಬಿಟ್ಟು ಹೋಗುತ್ತವೆ.

ಹೆಸರು ಬಂದದ್ದು ಸದಕಾದಿಂದ, ಅಂದರೆ ಕಷ್ಟ ಕಳೆಯಲಿ ಎಂದು ಕೊಡುವ ದಾನದಿಂದ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಮಗುವಿಗೆ ದೃಷ್ಟಿಯಾದರೆ, ಒಂದು ತುಂಡು ಮಾಂಸವನ್ನು ತಲೆಯ ಸುತ್ತ ನಿವಾಳಿಸಿ ಹದ್ದಿಗೆ ಹಾಕುವುದು ಅಲ್ಲಿಯ ಮನೆಗಳ ರೂಢಿ. ನಮ್ಮಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದಿಲ್ಲವೇ, ಹಾಗೆ. ಆದರೆ ಈಗ ಎಲ್ಲ ಕಡೆ ಅಪಾರ್ಟ್‌ಮೆಂಟು, ತಾರಸಿಗೆ ಬೀಗ, ಬೀಗದ ಕೈ ಸೆಕ್ಯುರಿಟಿಯವನ ಹತ್ತಿರ. ಹಾಗಾಗಿ ನಿವಾಳಿಸಿದ ಪೊಟ್ಟಣ ಆಬಿದಾಳ ಮನೆಗೆ ಬರುತ್ತದೆ. ಅವಳು ತಾರಸಿಗೆ ಹೋಗಿ ಬಿಸ್ಮಿಲ್ಲಾ ಹೇಳಿ ತುಂಡನ್ನು ಮೇಲಕ್ಕೆ ಎಸೆಯುತ್ತಾಳೆ. ಹದ್ದು ಅದನ್ನು ಗಾಳಿಯಲ್ಲೇ ಹಿಡಿದರೆ ಸದಕಾ ಕಬೂಲ್ ಆಯಿತು, ಮೇಲಿನವನು ಒಪ್ಪಿಕೊಂಡ ಅಂತ ಲೆಕ್ಕ. ನೆಲಕ್ಕೆ ಬಿದ್ದರೆ? ಬಿದ್ದದ್ದನ್ನು ಎತ್ತಿ ಮತ್ತೆ ಎಸೆಯುತ್ತಾಳೆ, ಹದ್ದು ಹಿಡಿಯುವ ತನಕ. ಕೆಳಗೆ ಕಾಯುತ್ತಿರುವ ತಾಯಿಗೆ ಒಳ್ಳೆಯ ಸುದ್ದಿಯನ್ನೇ ಹೇಳುತ್ತಾಳೆ. ಇದು ಮೋಸವಲ್ಲವೇ ಎಂದು ಕೇಳುವ ಧೈರ್ಯ ನಿಮಗಿದ್ದರೆ ಹೋಗಿ ಕೇಳಿ, ನನಗಂತೂ ಇಲ್ಲ.

ಮೊದಲ ಸಲ ಅವಳು ಎಸೆದದ್ದು ಗಂಡ ಹಾಶಿಮ್‌ಗಾಗಿ. ಉಬ್ಬಸ ಬಂದು ಅವನ ತುಟಿ ನೀಲಿಗಟ್ಟಿದಾಗ ಅತ್ತೆ ಅವಳ ಕೈಗೆ ಮಾಂಸ ಕೊಟ್ಟು ತಾರಸಿಗೆ ನೂಕಿದ್ದಳು. ಎಸೆದ ತುಂಡು ಹದ್ದಿನ ಕಾಲಿಗೆ ಸಿಕ್ಕಿತು, ಅವನ ಉಸಿರೂ ವಾಪಸ್ ಬಂತು. ಆಮೇಲೆ ಹಾಶಿಮ್ ಬಹಳ ವರ್ಷ ಬದುಕಿ, ಜಗಳವಾಡಿ, ಮಗಳು ಲುಬ್ನಾಳನ್ನು ಮದುವೆ ಮಾಡಿ ಹೈದರಾಬಾದಿಗೆ ಕಳಿಸಿ, ಒಂದು ಬೆಳಿಗ್ಗೆ ಚಹಾ ಲೋಟ ಹಿಡಿದುಕೊಂಡೇ ತೀರಿಕೊಂಡ. ಆಬಿದಾ ಆಗಲೂ ಹದ್ದುಗಳನ್ನು ಬಿಡಲಿಲ್ಲ. ಬಿಟ್ಟರೆ ಆ ಬಹಳ ವರ್ಷಗಳನ್ನು ಮೇಲಿನವನು ವಾಪಸ್ ಕೇಳಿಯಾನು ಎಂಬ ಹುಚ್ಚು ಭಯ ಅವಳಿಗೆ.

ಹದ್ದುಗಳ ವಾಸ ಪಕ್ಕದ ಹಳೇ ಬಂಗಲೆಯ ಮಳೆಮರದಲ್ಲಿ. ಮರದ ಬುಡ ಬಂಗಲೆಯ ಕಾಂಪೌಂಡಿನಲ್ಲಿ, ಅರ್ಧ ಕೊಂಬೆ ಗಲ್ಲಿಯ ಮೇಲೆ. ಚಳಿಗಾಲ ಬಂದರೆ ಒಂದು ಜೋಡಿ ಅದರ ತುದಿಯಲ್ಲಿ ಕಡ್ಡಿ, ವೈರು, ಚಿಂದಿ ಸೇರಿಸಿ ಗೂಡು ಕಟ್ಟುತ್ತದೆ. ಕೆಳಗಿನ ನೆರಳಿನಲ್ಲಿ ಮುನಿವೆಂಕಟಮ್ಮನ ಹೂವಿನ ಬುಟ್ಟಿ. ಅವಳು ಕಗ್ಗದಾಸಪುರದವಳು, ಅದು ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವಳು. ಬಿಳೀ ತಲೆಯ ಗರುಡ ಕಂಡರೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾಳೆ, ಕರಿ ಹದ್ದು ಕಂಡರೆ ಮುಖ ಸಿಂಡರಿಸುತ್ತಾಳೆ.

"ನಿನ್ನ ಹದ್ದು ಶನಿ ಕಣಮ್ಮ, ನಮ್ಮ ಗರುಡ ದೇವ್ರು" ಎನ್ನುತ್ತಿದ್ದಳು.

"ನಿಮ್ಮ ದೇವ್ರೂ ಬರೋದು ನನ್ನ ಮಾಂಸಕ್ಕೇ ಅಕ್ಕಾ, ನಾನೇ ನೋಡಿದೀನಿ" ಎಂದು ಆಬಿದಾ ಬಾಯಿ ಮುಚ್ಚಿಸುತ್ತಿದ್ದಳು. ಮುನಿವೆಂಕಟಮ್ಮ ಆ ಮಾತು ಕೇಳಿಸದ ಹಾಗೆ ಹೂವಿಗೆ ನೀರು ಚಿಮುಕಿಸುತ್ತಿದ್ದಳು.

ಹೀಗಿರುವಾಗ ಬಂಗಲೆ ಮಾರಾಟವಾಯಿತು. ಕೊಂಡವರಿಗೆ ಅಲ್ಲಿ ಅಂಗಡಿ ಮಳಿಗೆ ಏಳಬೇಕು, ಮರ ಅಡ್ಡ. ಮರ ಕಡಿಯಲು ಅನುಮತಿ ಕೇಳಿದ್ದಾರೆ, ಆಕ್ಷೇಪಣೆ ಇದ್ದವರು ಮರ ಅಧಿಕಾರಿಗೆ ಬರೆದು ತಿಳಿಸಬಹುದು ಎಂಬ ನೋಟಿಸನ್ನು ಒಂದು ದಿನ ಕಾಂಡಕ್ಕೇ ಮೊಳೆ ಹೊಡೆದು ಹೋದರು. ಮುನಿವೆಂಕಟಮ್ಮ ಎದೆ ಎದೆ ಬಡಿದುಕೊಂಡಳು. ನೆರಳು ಹೋದರೆ ಅವಳ ಮಲ್ಲಿಗೆ ಮಧ್ಯಾಹ್ನದವರೆಗೂ ತಾಳುವುದಿಲ್ಲ. ಆಬಿದಾ ಮಾತ್ರ ಸೆರಗು ಬಿಗಿದು ನಿಂತಳು. ಎದುರು ಮನೆಯ ಸಿದ್ರಾಳನ್ನು ಕೂರಿಸಿಕೊಂಡು ಆಕ್ಷೇಪಣೆ ಬರೆಸಿ, ಗಲ್ಲಿಯವರ ಸಹಿ ಹಾಕಿಸಿದಳು. ಸಿದ್ರಾ ಎಂಟನೇ ಕ್ಲಾಸು, ಸರ್ಕಾರಿ ಶಾಲೆ, ಕನ್ನಡ ಅಕ್ಷರ ಮುತ್ತಿನ ಹಾಗೆ. ಆಬಿದಾ ಅವಳಿಗೆ ದಾದಿಮಾ, ಕರೆಯುವ ಬಾಯಿಗೆ ಅಜ್ಜಿ. ಆಬಿದಾ ಎಸೆಯುವಾಗ ಪಕ್ಕದಲ್ಲಿ ನಿಂತು ಹದ್ದುಗಳ ಹಾಗೆ ಸಿಳ್ಳೆ ಹಾಕಿ ಕರೆಯುವ ಕೆಲಸ ಆ ಹುಡುಗಿಯದು.

ಆಕ್ಷೇಪಣೆ ಹೋದ ಮೇಲೆ ಬಂದವಳು ಮೋನಿಷಾ. ಮರದಲ್ಲಿ ಗೂಡಿದೆ ಎಂದು ಗೊತ್ತಾದ್ದರಿಂದ, ಅದು ಪಕ್ಷಿಗಳಿಗೆ ಎಷ್ಟು ಮುಖ್ಯವಾದ ಜಾಗ ಎಂದು ನೋಡಿ ವರದಿ ಕೊಡಲು ಮರ ಅಧಿಕಾರಿ ಅವಳನ್ನು ಕಳಿಸಿದ್ದರು. ರಾಮಮೂರ್ತಿ ನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು, ಕುತ್ತಿಗೆಗೆ ಬೈನಾಕ್ಯುಲರ್ ಜೋತುಬಿಟ್ಟುಕೊಂಡು. ಆಬಿದಾಳಿಗೆ ಸ್ವರ್ಗವೇ ತಾರಸಿಗೆ ಇಳಿದು ಬಂದಂತಾಯಿತು. ಅಷ್ಟು ವರ್ಷ ಗಲ್ಲಿಯವರೆಲ್ಲ ನಕ್ಕಿದ್ದ ವಿದ್ಯೆಯನ್ನು ಯಾರೋ ಓದಿದವರು ಕೂತು ಬರೆದುಕೊಳ್ಳುತ್ತಿದ್ದಾರೆ! ಚಹಾ ಕೊಟ್ಟಳು, ಉಸ್ಮಾನಿಯಾ ಬಿಸ್ಕತ್ತು ಕೊಟ್ಟಳು, ಮಾಂಸ ಎಸೆದು ತೋರಿಸಿದಳು. ಯಾವ ಹದ್ದು ಬಲಗಾಲಲ್ಲಿ ಹಿಡಿಯುತ್ತದೆ, ಯಾವುದು ಹೊಟ್ಟೆಬಾಕ, ಯಾವುದು ಇನ್ನೊಂದರ ಬಾಯಿಂದ ಕಸಿಯುವ ಕಳ್ಳಿ, ಎಲ್ಲ ಹೇಳಿದಳು. ಮಾತಿನ ರಭಸದಲ್ಲಿ ಇದನ್ನೂ ಹೇಳಿದಳು:

"ನಾನಿಲ್ದಿದ್ರೆ ಇವು ಇಲ್ಲಿ ಇರೋದೇ ಇಲ್ಲ ಬೇಟಾ. ಇವು ಬರೋದು ಮರಕ್ಕಲ್ಲ, ನನ್ನ ಕೈಗೆ."

ಮೋನಿಷಾಳ ಪೆನ್ನು ನಿಂತಿತು. "ಆಂಟಿ, ಇದನ್ನ ಬರೀಲಾ?"

"ಬರಿ, ದಪ್ಪಕ್ಷರದಲ್ಲಿ ಬರಿ."

ಬಾಯಿ ಬಿಟ್ಟರೆ ಬಣ್ಣಗೇಡು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಆದರೆ ಹೊಗಳಿಕೆಗೆ ಹಸಿದವರಿಗೆ ಗಾದೆಗಳು ನೆನಪಾಗುವುದು ಊಟ ಮುಗಿದ ಮೇಲೆ. ಆಬಿದಾ ಆವತ್ತು ಮೋನಿಷಾಳ ದುಪಟ್ಟಾಕ್ಕೆ ಪುಕ್ಕಟೆಯಾಗಿ ಒಂದು ಸಾಲು ಕುಚ್ಚು ಬೇರೆ ಕಟ್ಟಿಕೊಟ್ಟಳು.

ವಿಚಾರಣೆ ಕ್ರಿಸ್‌ಮಸ್ ಕಳೆದ ಮೇಲೆ, ಮರ ಅಧಿಕಾರಿಯ ಕಚೇರಿಯಲ್ಲಿ. ಅಧಿಕಾರಿಯ ಹೆಸರು ಜಗದೀಶ್, ಮೆತ್ತಗಿನ ಮನುಷ್ಯ, ಬಂದವರಿಗೆಲ್ಲ ಕೂತ್ಕೊಳ್ಳಿ ಎನ್ನುವವರು. ಆಬಿದಾ ಇಸ್ತ್ರಿ ಮಾಡಿದ ಬುರ್ಖಾ ಹಾಕಿಕೊಂಡು, ಮುನಿವೆಂಕಟಮ್ಮನನ್ನೂ ಸಿದ್ರಾಳ ತಾಯಿ ನಾಜಿಶ್‌ಳನ್ನೂ ಕಟ್ಟಿಕೊಂಡು ಗೆದ್ದವಳ ಹಾಗೇ ಒಳಗೆ ಬಂದಿದ್ದಳು. ಎದುರುಗಡೆ ಬಂಗಲೆ ಕೊಂಡವರ ವಕೀಲ. ಒಂದು ಮೂಲೆಯಲ್ಲಿ ಮೋನಿಷಾ, ಆಬಿದಾಳ ಕಣ್ಣು ತಪ್ಪಿಸಿಕೊಂಡು.

ಜಗದೀಶ್ ವರದಿ ಓದಿದರು. "ಸದರಿ ಮರದಲ್ಲಿ ಹದ್ದುಗಳು ಗೂಡು ಕಟ್ಟಲು ಮುಖ್ಯ ಕಾರಣ ಪಕ್ಕದ ಕಟ್ಟಡದ ಮಹಿಳೆಯೊಬ್ಬರು ಪ್ರತಿದಿನ ಹಾಕುವ ಮಾಂಸ. 'ನಾನಿಲ್ಲದಿದ್ದರೆ ಇವು ಇಲ್ಲಿ ಇರುವುದೇ ಇಲ್ಲ, ಇವು ಬರುವುದು ಮರಕ್ಕಲ್ಲ' ಎಂದು ಸದರಿ ಮಹಿಳೆಯೇ ಹೇಳಿಕೆ ನೀಡಿರುತ್ತಾರೆ. ಆದ್ದರಿಂದ ಇದನ್ನು ಪಕ್ಷಿಗಳ ಸಹಜ ನೆಲೆ ಎಂದು ಪರಿಗಣಿಸಲು ಬರುವುದಿಲ್ಲ. ಮಾಂಸ ಹಾಕುವುದು ನಿಂತಲ್ಲಿ ಹದ್ದುಗಳು ತಾವಾಗಿಯೇ ಬೇರೆಡೆಗೆ ಹೋಗುತ್ತವೆ. ಅನಂತರ ಮರ ತೆರವುಗೊಳಿಸಲು ಅಡ್ಡಿ ಇರುವುದಿಲ್ಲ." ಕೊನೆಯಲ್ಲಿ, ಅದರಂತೆ ತೆರವಿಗೆ ಅನುಮತಿ ನೀಡಲಾಗಿದೆ ಎಂಬ ಅಪ್ಪಣೆಯನ್ನೂ ಓದಿದರು.

ಆಬಿದಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಕಚೇರಿ ಕನ್ನಡ ಅವಳಿಗೆ ಬೇರೆಯೇ ಭಾಷೆ. ಆದರೆ ಅದರ ನಡುವೆ ತನ್ನದೇ ಮಾತು, ತನ್ನದೇ ತಾರಸಿಯ ಮೇಲೆ ಚಹಾ ಕುಡಿಯುತ್ತ ಆಡಿದ ಮಾತು, ಪರರ ಬಾಯಲ್ಲಿ ಕೇಳಿಸಿತು. ಮರ ಉಳಿಸಿಕೊಳ್ಳಲು ಬಂದವಳ ಮಾತಿನ ಮೇಲೆಯೇ ಮರ ಕಡಿಯುವ ಅಪ್ಪಣೆ ನಿಂತಿತ್ತು. ಲಂಚವಿಲ್ಲ, ವಂಚನೆಯಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಅವಳು ಕುರ್ಚಿಯ ಅಂಚು ಹಿಡಿದುಕೊಂಡಳು.

"ಇನ್ನೊಂದು ವಿಷ್ಯ ಅಮ್ಮಾ" ಎಂದರು ಜಗದೀಶ್, ಬೇಜಾರಿನಿಂದಲೇ. "ಹಳೇ ಏರ್‌ಪೋರ್ಟು ನಿಮ್ಮ ಕಡೆಗೆ ದೂರ ಏನಿಲ್ಲ. ಬಯಲಲ್ಲಿ ಮಾಂಸ ಹಾಕಿ ಹಕ್ಕಿ ಸೇರಿಸೋದು ವಿಮಾನಕ್ಕೆ ಅಪಾಯ. ಕೇಸು ಆಗತ್ತೆ."

"ನನ್ನ ಹದ್ದು ವಿಮಾನದ ಹತ್ರ ಯಾಕೆ ಹೋಗ್ತದೆ ಸಾರ್? ಅದಕ್ಕೆ ರೆಕ್ಕೆ ಇಲ್ವಾ?"

ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಅವಳನ್ನು ಕೆಡಿಸಿತು. ಗಲ್ಲಿಯಲ್ಲಿ ನಕ್ಕರೆ ತಾಳುತ್ತಿದ್ದಳು, ಕಚೇರಿಯಲ್ಲಿ ನಕ್ಕದ್ದನ್ನು ತಾಳಲಾಗಲಿಲ್ಲ. ಎದ್ದು ನಿಂತಳು.

"ಒಂದ್ ತಿಂಗ್ಳು ಕೊಡಿ ಸಾರ್. ಒಂದೇ ಒಂದು ಚೂರು ಮಾಂಸ ಹಾಕಲ್ಲ. ಹದ್ದು ಹೊರಟು ಹೋದ್ರೆ ಮರ ಕಡೀರಿ, ನಾನೇ ನೀರು ತಂದು ಕೊಡ್ತೀನಿ ಕಡಿಯೋರಿಗೆ. ಅಲ್ಲೇ ಉಳಿದ್ರೆ? ಮರ ಅವುಗಳದ್ದು ಅಂತ ಬರೀಬೇಕು."

ವಕೀಲ ಏನೋ ಹೇಳಹೋದ. ಜಗದೀಶ್ ಕೈ ಎತ್ತಿ ತಡೆದರು. ಅವರಿಗೂ ಅದು ನ್ಯಾಯವಾಗಿ ಕಂಡಿತು. ಅಪ್ಪಣೆಗೆ ಒಂದು ತಿಂಗಳು ತಡೆ, ಆಮೇಲೆ ಮರದ ಕೆಳಗೇ ಮರುಪರಿಶೀಲನೆ, ಅಲ್ಲಿಯ ತನಕ ಯಾರೂ ಹದ್ದಿಗೆ ಏನೂ ಹಾಕಕೂಡದು ಎಂದು ಬರೆಸಿದರು.

ಹೊರಗೆ ಮೋನಿಷಾ ಓಡಿ ಬಂದಳು. "ಆಂಟಿ, ಪ್ಲೀಸ್, ಒಂದೇ ಸಲ ನಿಲ್ಲಿಸ್ಬೇಡಿ. ಇದು ಮರಿ ಮಾಡೋ ಟೈಮು. ಅವಕ್ಕೆ ಮನುಷ್ಯರ ಭಯ ಹೋಗ್ಬಿಟ್ಟಿದೆ, ಹಸಿವಾದ್ರೆ ಕೈಗೇ ಬರ್ತವೆ. ಸರ್‌ಗೆ ಹೇಳಿ ಸ್ವಲ್ಪ ಸ್ವಲ್ಪ ಕಮ್ಮಿ ಮಾಡೋಣ."

"ನಿನಗೆ ಚಹಾ ಕೊಟ್ಟೆ ನೋಡು, ಈ ಕೈಗೆ ಬೆಂಕಿ ಬೀಳ" ಎಂದು ಆಬಿದಾ ಸರಸರನೆ ನಡೆದೇಬಿಟ್ಟಳು. ಆ ಹುಡುಗಿ ಹೇಳಿದ್ದರಲ್ಲಿ ಹುರುಳಿತ್ತು. ಆದರೆ ಸಿಟ್ಟಿನ ಕಿವಿಗೆ ಹುರುಳೂ ಒಂದೇ, ಹೊಟ್ಟೂ ಒಂದೇ.

ತಾರಸಿಯ ಬಾಗಿಲಿಗೆ ಚಿಲಕ ಬಿತ್ತು. ಮೊದಮೊದಲು ಹದ್ದುಗಳು ಬಂದು ಗೋಡೆಯ ಮೇಲೆ ಸಾಲಾಗಿ ಕೂತವು. ಅವುಗಳ ಸಿಳ್ಳೆಯಂಥ ಕೂಗು ಮೆಟ್ಟಿಲಿಳಿದು ಒಳಗೆ ಬರುತ್ತಿತ್ತು. ಆಬಿದಾಳ ಬೆರಳು ಗಂಟು ತಪ್ಪುತ್ತಿತ್ತು. ಅಂಗಡಿಯವನು ಕುಚ್ಚು ಸೊಟ್ಟಗಿದೆ ಎಂದು ಒಂದು ಸೀರೆಯನ್ನು ವಾಪಸ್ ಕಳಿಸಿದ, ಹಿಂದೆಂದೂ ಆಗಿರದ ಅವಮಾನ. ಒಂದು ಸಲ ಬಾಗಿಲ ಸಂದಿಯಿಂದ ನೋಡಿದಳು. ಆ ಕಳ್ಳಿ ಹದ್ದು ಕತ್ತು ಓರೆ ಮಾಡಿ ಬಾಗಿಲನ್ನೇ ನೋಡುತ್ತ ಕೂತಿತ್ತು. ಅಡುಗೆಮನೆಗೆ ಹೋಗಿ ತಪ್ಪಲೆ ತೊಳೆಯುತ್ತ ಅತ್ತುಬಿಟ್ಟಳು.

ಅದೇ ವಾರ ನಾಜಿಶ್ ಪೊಟ್ಟಣ ಹಿಡಿದು ಬಂದಳು. ಸಿದ್ರಾಳಿಗೆ ಜ್ವರ ಏರಿತ್ತು. ಬಡವಿಯೇನಲ್ಲ ನಾಜಿಶ್, ಗಂಡ ಓವೈಸ್‌ನದು ಕೋಳಿ ಅಂಗಡಿ. ಆದರೆ ಒಬ್ಬಳೇ ಮಗಳು, ಜೀವ ಅಂಗೈಯಲ್ಲಿ.

"ಖಾಲಾ, ಒಂದೇ ತುಂಡು. ಯಾರಿಗೂ ಗೊತ್ತಾಗಲ್ಲ."

"ಇಲ್ಲ ನಾಜಿಶ್. ಮಾತು ಕೊಟ್ಟು ಬಂದಿದೀನಿ. ಬಡವರಿಗೆ ಕೊಡು, ಅದೂ ಸದಕಾನೇ."

"ಬಡವರು ಗಾಳೀಲಿ ಹಿಡೀತಾರಾ?"

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಆಬಿದಾ ಬಾಗಿಲು ಹಾಕಿದಳು. ನಾಜಿಶ್ ಪೊಟ್ಟಣ ಹಿಡಿದುಕೊಂಡು ಸ್ವಲ್ಪ ಹೊತ್ತು ಹೊರಗೇ ನಿಂತಿದ್ದು ಆಮೇಲೆ ಮೆಟ್ಟಿಲಿಳಿದು ಹೋದದ್ದು ಕೇಳಿಸಿತು. ಜ್ವರ ಮಾತ್ರೆಗೇ ಇಳಿಯಿತು, ಅದು ಬೇರೆ ಮಾತು. ಆದರೆ ನಾಜಿಶ್ ಆಮೇಲೆ ಎದುರು ಸಿಕ್ಕರೆ ಸಲಾಂ ಹೇಳುವಾಗ ಮುಖ ನೋಡುತ್ತಿರಲಿಲ್ಲ.

ಕ್ರಮೇಣ ಹದ್ದುಗಳು ಆಬಿದಾಳ ತಾರಸಿಗೆ ಬರುವುದು ನಿಂತಿತು. ಓಡಿ ಹೋಗಿ ಮರದ ಕೆಳಗೆ ನಿಂತು ಕತ್ತೆತ್ತಿದಳು. ಇದ್ದವು! ಜೋಡಿಯೂ ಇತ್ತು, ಗೂಡಿನಿಂದ ಮರಿಗಳ ಚೀರಾಟವೂ ಕೇಳುತ್ತಿತ್ತು. ಒಂದು ತುಂಡು ಮಾಂಸವಿಲ್ಲದೆ, ಒಂದು ಕರೆಯಿಲ್ಲದೆ, ಅವು ಮರ ಬಿಟ್ಟಿರಲಿಲ್ಲ. ದಿನಾ ಹೋಗಿ ನೋಡಿದಳು, ದಿನಾ ಇದ್ದವು. ಎಲ್ಲೋ ಒಂದು ಕಡೆ ಸಣ್ಣ ನೋವೂ ಆಯಿತು, ನಾನಿಲ್ಲದೆಯೂ ನಡೆಯುತ್ತದಲ್ಲ ಎಂದು. ಅದನ್ನು ನುಂಗಿಕೊಂಡಳು. ಗೆಲುವು ದೊಡ್ಡದಿತ್ತು.

"ಗೆದ್ದೆ ಬಿಡಮ್ಮ" ಎಂದು ಮುನಿವೆಂಕಟಮ್ಮ ಮೊಳ ಮಲ್ಲಿಗೆ ಕೊಟ್ಟಳು. "ನಿನ್ನ ಶನಿಗಳಿಗೂ ನಿಯತ್ತು ಇದೆ."

ಮರುಪರಿಶೀಲನೆಗೆ ಮೂರೇ ದಿನ ಇತ್ತು. ಶುಕ್ರವಾರದ ನಮಾಜ್ ಮುಗಿದು ಗಂಡಸರು ಬಿರಿಯಾನಿಗೆ ಮನೆ ಸೇರುವ ಹೊತ್ತು. ಗಲ್ಲಿ ನಡುಗುವಂತೆ ಒಂದು ಕಿರುಚಾಟ ಕೇಳಿತು. ಆಬಿದಾ ಹೊರಗೆ ಬರುವಷ್ಟರಲ್ಲಿ ಓವೈಸ್ ಮಗಳನ್ನು ಎತ್ತಿಕೊಂಡು ಕೆಳಗೆ ಓಡುತ್ತಿದ್ದ. ಸಿದ್ರಾಳ ಅರ್ಧ ಮುಖ ರಕ್ತ. ಹುಬ್ಬಿನಿಂದ ಕೆನ್ನೆಯವರೆಗೆ ಉಗುರು ಎಳೆದಿತ್ತು. ಕಣ್ಣು ಕೂದಲೆಳೆಯಲ್ಲಿ ಉಳಿದಿತ್ತು, ಆದರೆ ಅದು ಆಸ್ಪತ್ರೆಯಲ್ಲಿ ತೊಳೆದ ಮೇಲೆ ಗೊತ್ತಾದದ್ದು. ಆ ಕ್ಷಣದಲ್ಲಿ ಕಂಡದ್ದು ರಕ್ತ ಮಾತ್ರ, ಮತ್ತು ತಾರಸಿಯ ಮೇಲೆ ಸುತ್ತು ಹಾಕುತ್ತಿದ್ದ ಹದ್ದು.

ನಾಜಿಶ್ ಬರಿಗಾಲಲ್ಲಿ ಓಡುತ್ತಿದ್ದವಳು ಆಬಿದಾಳನ್ನು ಕಂಡು ನಿಂತಳು. "ನಿನ್ನ ಹದ್ದು ನನ್ನ ಮಗಳ ಕಣ್ಣು ಕೀಳಕ್ಕೆ ಬಂತು ಖಾಲಾ! ಸದಕಾ ವಾಪಸ್ ಕಳ್ಸಿದ್ಯಲ್ಲ, ನೋಡ್ಕೋ ಈಗ!"

ಕೈಗೇ ಬರ್ತವೆ ಎಂದು ಮೋನಿಷಾ ಹೇಳಿದ್ದು ಆಬಿದಾಳಿಗೆ ನೆನಪಾಯಿತು. ತನ್ನ ಪಣದಿಂದ, ತನ್ನ ಹಟದಿಂದ, ಹಸಿದ ಹಕ್ಕಿ ಮಗುವಿನ ಮುಖಕ್ಕೆ ಎರಗಿತು. ಬೇರೆ ಯಾವ ಲೆಕ್ಕವೂ ಅವಳಿಗೆ ತೋಚಲಿಲ್ಲ. ಸಂಜೆಯ ಹೊತ್ತಿಗೆ ಗಲ್ಲಿ ಒಂದಾಗಿತ್ತು. ಆಕ್ಷೇಪಣೆಗೆ ಸಹಿ ಹಾಕಿದವರೇ ಈಗ ಹದ್ದು ಹಿಡಿಸಿ, ಮರ ಕಡಿಸಿ ಅನ್ನುತ್ತಿದ್ದರು. ಅವಳಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಮಗುವಿನ ಕಣ್ಣಿನ ಮುಂದೆ ಮರ ಯಾವ ಲೆಕ್ಕ?

ಮಾರನೇ ದಿನ ಬೆಳಿಗ್ಗೆ ಅಂಜುತ್ತ ಅಂಜುತ್ತ ಎದುರು ಮನೆಗೆ ಹೋದಳು. ನಾಜಿಶ್ ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹಾಲು ಕಾಯಿಸಲು ಅಡುಗೆಮನೆಗೆ ಹೋದಳು. ಸಿದ್ರಾ ಗೋಡೆಗೆ ಒರಗಿ ಕೂತಿದ್ದಳು, ಒಂದು ಕಣ್ಣಿನ ಮೇಲೆ ಬಿಳೀ ಪಟ್ಟಿ, ಕೆನ್ನೆಯ ಮೇಲೆ ಹೊಲಿಗೆ. ಆಬಿದಾ ಪಕ್ಕ ಕೂತದ್ದೇ ತಡ, ಅವಳ ಕೈ ಹಿಡಿದುಕೊಂಡಳು.

"ದಾದಿಮಾ, ಅಮ್ಮಿಗೆ ಹೇಳಲ್ಲ ಅಂತ ಆಣೆ ಇಡಿ."

"ಏನಮ್ಮಾ?"

"ಆಣೆ ಇಡಿ ಮೊದ್ಲು."

ಆಬಿದಾ ಇಟ್ಟಳು. ಮಕ್ಕಳ ಆಣೆ, ಏನಿದ್ದೀತು ಎಂದುಕೊಂಡು.

"ಹದ್ದು ಕಚ್ಚಕ್ಕೆ ಬಂದಿಲ್ಲ. ನಾನೇ ಕರೆದೆ." ಹುಡುಗಿಯ ದನಿ ಪಿಸುಗುಟ್ಟುತ್ತಿತ್ತು. "ನೀವು ಸದಕಾ ಬೇಡ ಅಂದ್ರಲ್ಲ, ಅಮ್ಮಿ ಆ ಪೊಟ್ಟಣಾನ ಕಸಕ್ಕೆ ಅಂತ ಇಟ್ಟಿದ್ರು. ಮಾತ್ರೆಗೆ ಜ್ವರ ಇಳೀತಿದ್ದ ಹಾಗೇ ನಾನು ಅದನ್ನ ನಮ್ಮ ತಾರಸಿಗೆ ಒಯ್ದು ಎಸೆದೆ. ಎಲ್ಲ ಬಂದ್ವು ದಾದಿಮಾ. ಮಾರನೇ ದಿನಾನೂ ಬಂದು ಕೂತಿದ್ವು. ಅದಕ್ಕೇ ದಿನಾ ಹಾಕಿದೆ. ಅಬ್ಬೂ ಅಂಗಡೀದು ಕೋಳಿ ಚರ್ಮ, ಕರುಳು. ನಿನ್ನೆ ಎಸೀಲಿಲ್ಲ, ಕೈಯಲ್ಲೇ ಹಿಡಿದಿದ್ದೆ. ನನ್ನ ಕೈಯಿಂದ ತಗೊಳತ್ತಾ ಅಂತ."

"ಯಾಕೆ ಮಾಡ್ದೆ ಮಗಳೇ?"

"ಹಾಕ್ದೇ ಇದ್ರೆ ಹೊರಟು ಹೋಗ್ತಿದ್ವು. ಆಗ ನೀವು ಸೋಲ್ತಿದ್ರಿ."

ಆಬಿದಾ ತಿಂಗಳಿಡೀ ಕತ್ತೆತ್ತಿ ನೋಡಿ ಹಿಗ್ಗಿದ್ದ ಗೆಲುವು ಕೋಳಿ ಕರುಳಿನ ಗೆಲುವು. ಮಾಂಸವಿಲ್ಲದಿದ್ದರೆ ಹದ್ದುಗಳು ಉಳಿಯುತ್ತಿದ್ದವೇ, ಹೋಗುತ್ತಿದ್ದವೇ? ಆ ಮಾತು ಇನ್ನು ಯಾವ ಕಾಲಕ್ಕೂ ಯಾರಿಗೂ ಗೊತ್ತಾಗುವುದಿಲ್ಲ. ಮತ್ತು ಈ ಹೊಲಿಗೆ ಹಸಿದ ಹಕ್ಕಿಯದ್ದಲ್ಲ, ತನ್ನ ಮೇಲಿನ ಪ್ರೀತಿಯದ್ದು. ಅದೇ ಅವಳನ್ನು ಹೆಚ್ಚು ಸುಟ್ಟಿತು. ಹಸಿವಾಗಿದ್ದರೆ ಹಕ್ಕಿಯ ಮೇಲೆ ಹೊರಿಸಬಹುದಿತ್ತು. ಪ್ರೀತಿಯನ್ನು ಯಾರ ಮೇಲೆ ಹೊರಿಸುವುದು? ನಾಜಿಶ್ ಹಾಲು ತಂದಳು. ಆಬಿದಾ ಏನೂ ಹೇಳದೆ ಎದ್ದು ಬಂದಳು.

ಹೇಳಿದ ದಿನ ಜಗದೀಶ್ ಮರದ ಕೆಳಗೆ ಬಂದರು. ಮೋನಿಷಾ, ವಕೀಲ, ಇಡೀ ಗಲ್ಲಿ ನೆರೆದಿತ್ತು. ಮೋನಿಷಾ ಮೇಲೆ ನೋಡಿ ಬೈನಾಕ್ಯುಲರ್ ಇಳಿಸಿದಳು. "ಜೋಡಿ ಇದೆ ಸರ್, ಎರಡು ಮರಿ ಇವೆ. ಹೋಗ್ತವೆ ಅಂತ ಬರೆದಿದ್ದೆ, ನನ್ನ ಅಂದಾಜು ತಪ್ಪು" ಎಂದು ಎಲ್ಲರ ಮುಂದೆ ಒಪ್ಪಿಕೊಂಡಳು. ಹುಡುಗಿ ಒಳ್ಳೆಯವಳು, ಅದನ್ನು ಆಬಿದಾ ಮೊದಲೇ ಒಪ್ಪಿದ್ದರೆ ಎಷ್ಟೋ ಉಳಿಯುತ್ತಿತ್ತು.

"ಹಾಗಾದ್ರೆ ಅಮ್ಮ ಹೇಳಿದ್ದೇ ನಿಜ ಆಯ್ತು" ಎಂದರು ಜಗದೀಶ್. "ಮಾಂಸ ಇಲ್ದೇನೂ ಉಳಿದಿವೆ ಅಂದ್ರೆ ಇದು ಅವುಗಳ ನೆಲೆ. ಕಡಿಯೋ ಅಪ್ಪಣೆ ರದ್ದು ಮಾಡ್ಬೇಕಾಗತ್ತೆ."

ಮುನಿವೆಂಕಟಮ್ಮ ಕೈ ಮುಗಿದಳು. ಅಷ್ಟರಲ್ಲಿ ನಾಜಿಶ್ ಮಗಳನ್ನು ಮುಂದಕ್ಕೆ ಎಳೆದು ನಿಲ್ಲಿಸಿದಳು. "ಇದನ್ನ ನೋಡಿ ಸಾರ್ ಮೊದ್ಲು! ನೆಲೆ ಅಂತೆ! ನಾಳೆ ಇನ್ನೊಂದು ಮಗುವಿನ ಕಣ್ಣು ಹೋದ್ರೆ?" ಹೌದು ಹೌದು ಎಂದು ಗಲ್ಲಿ ದನಿಗೂಡಿಸಿತು.

ಜಗದೀಶ್ ಪಟ್ಟಿ ಕಟ್ಟಿದ ಮುಖ ನೋಡಿ ಹಣೆ ಒರೆಸಿಕೊಂಡರು. ಹಕ್ಕಿ ತಾನಾಗಿ ಮನುಷ್ಯರ ಮೇಲೆ ಬೀಳುತ್ತಿದೆ ಎಂದಾದರೆ ವಿಷಯ ಬೇರೆ, ಜೋಡಿಯನ್ನು ಹಿಡಿಸಬೇಕು, ಗೂಡು ಇಳಿಸಬೇಕು, ಮರವನ್ನು ಅಪಾಯ ಅಂತ ಇವತ್ತೇ ಕೆಡವಿಸಬಹುದು ಎಂದರು. ಮರಿಗಳು? ಸಾಕುವ ಕಡೆಗೆ ಕಳಿಸುತ್ತೇವೆ, ಬದುಕಿದರೆ ಬದುಕುತ್ತವೆ ಎಂದರು. ಆಮೇಲೆ ಆಬಿದಾಳ ಕಡೆ ತಿರುಗಿದರು.

"ಆಕ್ಷೇಪಣೆ ನಿಮ್ದು ಅಮ್ಮಾ. ನಿಮ್ಮ ಮಾತೇನು?"

ಸುಮ್ಮನಿದ್ದರೆ ಹದ್ದುಗಳಿಗೆ ಕೊಲೆಗಡುಕರ ಹೆಸರು, ಮರಿಗಳು ಮಣ್ಣುಪಾಲು. ನಿಜ ಹೇಳಿದರೆ ಆ ಹುಡುಗಿಯ ಹೆಸರು ಸರ್ಕಾರದ ಕಾಗದಕ್ಕೆ ಏರುತ್ತದೆ, ವಿಮಾನದ ಕಾನೂನಿನ ಮುಂದೆ ನಿಲ್ಲುತ್ತದೆ, ಆಣೆ ಮುರಿಯುತ್ತದೆ. ನಾಜಿಶ್‌ಳ ಕೈ ಎಷ್ಟು ಬೇಗ ಏಳುತ್ತದೆ ಎಂಬುದನ್ನೂ ಆಬಿದಾ ಬಲ್ಲಳು. ಸಿದ್ರಾ ಒಂದೇ ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದಳು.

"ಹದ್ದಿನ ತಪ್ಪಿಲ್ಲ ಸಾರ್" ಎಂದಳು ಆಬಿದಾ. ದನಿ ಅವಳದೇ ಕಿವಿಗೆ ಬೇರೆಯವರದೆಂಬಂತೆ ಕೇಳಿಸಿತು. "ಅದು ದಾಳಿ ಮಾಡಿಲ್ಲ. ದಿನಾ ತಿಂದು ರೂಢಿ ಆಗಿತ್ತು, ಮಗು ಕೈಯಲ್ಲಿ ಏನೋ ತಿನ್ನೋದು ಕಂಡು ಬಂದಿದೆ. ಈ ತಿಂಗ್ಳು ಪೂರ್ತಿ ಅವಕ್ಕೆ ಊಟ ಸಿಕ್ಕಿದೆ."

"ಯಾರು ಹಾಕಿದ್ದು?"

"ನಾನೇ. ಕದ್ದು ಹಾಕ್ತಿದ್ದೆ."

ಮುನಿವೆಂಕಟಮ್ಮನ ಕೈಯಲ್ಲಿದ್ದ ಹೂವಿನ ದಾರ ಹಾಗೇ ಜಾರಿತು. ಮೋನಿಷಾ ನಂಬಲಾರದೆ ಅವಳ ಮುಖವನ್ನೇ ಹುಡುಕಿದಳು. ಆಬಿದಾ ಅತ್ತ ತಿರುಗಲಿಲ್ಲ.

"ಹಾಗಾದ್ರೆ ಪಣ ಮುರಿದಂತೆ ಆಯ್ತಲ್ಲಮ್ಮಾ" ಎಂದರು ಜಗದೀಶ್. ಹದ್ದುಗಳನ್ನು ಹಿಡಿಯುವುದು ಬೇಡ ಎಂದು ಬರೆಸಿದರು. ಮರಿಗಳು ರೆಕ್ಕೆ ಬಲಿತು ಹಾರಿಹೋಗುವ ತನಕ ಯಾರೂ ಮರ ಮುಟ್ಟಕೂಡದು, ಅಲ್ಲಿಯ ತನಕ ಊಟವನ್ನು ಮೋನಿಷಾಳ ಎದುರಿಗೇ ಕಮ್ಮಿ ಮಾಡುತ್ತ ಬರಬೇಕು, ಗೂಡು ಖಾಲಿಯಾದ ಮೇಲೆ ಮೊದಲಿನ ಅಪ್ಪಣೆಯಂತೆ ಕಡಿಯಬಹುದು. ಇನ್ನೊಮ್ಮೆ ಕದ್ದು ಮಾಂಸ ಹಾಕಿದ್ದು ಗೊತ್ತಾದರೆ ಕೇಸು ಹಾಕದೆ ಬಿಡುವುದಿಲ್ಲ ಎಂದು ಆಬಿದಾಳಿಗೆ ಎಚ್ಚರಿಕೆ ಕೊಟ್ಟರು. ಅವಳು ಎಲ್ಲದಕ್ಕೂ ತಲೆ ಆಡಿಸಿ, ತೋರಿಸಿದ ಕಡೆ ಸಹಿ ಹಾಕಿದಳು.

ಅಧಿಕಾರಿ ಅತ್ತ ಹೋದದ್ದೇ ನಾಜಿಶ್ ಹತ್ತಿರ ಬಂದಳು.

"ಜ್ವರ ಬಂದ ಮಗುವಿನ ಸದಕಾ ಹಿಡ್ಕೊಂಡು ನಿನ್ನ ಬಾಗಿಲಲ್ಲಿ ನಿಂತಿದ್ದೆ. ಮಾತು ಕೊಟ್ಟಿದೀನಿ ಅಂದೆ. ಒಂದೇ ತುಂಡಿಗೆ ಬಾಗಿಲು ಹಾಕ್ದೆ. ಒಳಗೊಳಗೇ ನೀನು ದಿನಾ ಹಾಕ್ತಿದ್ಯಾ? ನನ್ನ ಮಗಳದ್ದು ಮಾತ್ರ ಬೇಡವಾಯ್ತಾ ನಿನಗೆ?"

ಆಬಿದಾ ತಲೆ ತಗ್ಗಿಸಿದಳು. ಬಾಯಿಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ಹಿಡಿದಳು. ನಾಜಿಶ್‌ಳ ಬೆನ್ನ ಹಿಂದೆ ಸಿದ್ರಾ, "ಅಮ್ಮೀ, ಅಮ್ಮೀ, ದಾದಿಮಾ ಅಲ್ಲ..." ಎಂದು ಬಿಕ್ಕತೊಡಗಿದಳು. ಆಬಿದಾ ತಲೆ ಎತ್ತಿ ಅವಳನ್ನು ದುರುಗುಟ್ಟಿ ನೋಡಿದಳು, ಜೀವಮಾನದಲ್ಲಿ ಆ ಮಗುವನ್ನು ಹಾಗೆ ನೋಡಿರಲಿಲ್ಲ. ಸಿದ್ರಾಳ ಮಾತು ಅಲ್ಲೇ ನಿಂತು ಅಳು ಮಾತ್ರ ಉಳಿಯಿತು. "ನೋಡು, ಹೊಲಿಗೆ ಇನ್ನೂ ಎಷ್ಟು ನೋಯ್ತಿದೆ ನನ್ನ ಕಂದನಿಗೆ" ಎಂದು ನಾಜಿಶ್ ಆಬಿದಾಳಿಗೆ ಥೂ ಎಂದು ಉಗಿದು, ಮಗಳನ್ನು ಎದೆಗೆ ಅವಚಿಕೊಂಡು ಮನೆಯೊಳಗೆ ಕರೆದುಕೊಂಡು ಹೋದಳು.